ಬರಿಗೈಯಲ್ಲಿ ಬರುವ ಮರಮ್ಮ

ಹೊತ್ತು ಈಗಷ್ಟೇ ಮೇಲೇರುತ್ತಿದೆ. ಹೊಗೆಸೊಪ್ಪಿನ ಹೊಲಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಆಚೆಗಿರುವ ಪುಟ್ಟ ಹಳ್ಳಿಯೊಂದರಲ್ಲಿ ಐವತ್ತಾರು ವರ್ಷದ ಮರಮ್ಮ ಒಂದು ಮನೆಯ ಜಗಲಿಯ ಮುಂದೆ ನಿಂತು ಎರಡೂ ಕೈ ಚಾಚಿದ್ದಾರೆ. ಆ ಮನೆಯ ಕಿರಿಮಗ ಮಹೇಂದ್ರ ಅಂಗೈ ನೋಡುತ್ತಾನೆ, ತಿರುಗಿಸಿ ಹಿಂಗೈ ನೋಡುತ್ತಾನೆ, ಬೆರಳ ಸಂದಿಯನ್ನೂ ಬಿಡುವುದಿಲ್ಲ. ಅವನು ಕೇಳುವ ಮೊದಲೇ ಮರಮ್ಮ ಸೆರಗು ಕೊಡವಿ ತೋರಿಸುತ್ತಾರೆ. ಚೀಲವಿಲ್ಲ, ಪೆನ್ನಿಲ್ಲ, ಕಾಗದವಿಲ್ಲ. ಎಲೆ ಅಡಿಕೆಯ ಸಂಚಿಯನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದಾರೆ.

ಇಷ್ಟೆಲ್ಲ ತಪಾಸಣೆ ಯಾವ ಖಜಾನೆಗೂ ಅಲ್ಲ. ಒಳಕೋಣೆಯಲ್ಲಿ ಏಳು ವರ್ಷದಿಂದ ಹಾಸಿಗೆ ಹಿಡಿದಿರುವ ನಿಂಗಯ್ಯನವರ ಪಕ್ಕ ಎರಡು ಗಂಟೆ ಕೂರುವುದಕ್ಕೆ. ಮರಮ್ಮ ಕೂತರೆ ಹಿರಿಸೊಸೆ ಚಾಮುಂಡಮ್ಮ ಎದ್ದು ಹೊರಗೆ ಹೋಗಬಹುದು. ಚಾಮುಂಡಮ್ಮನ ಗಂಡ ಲಾರಿ ಡ್ರೈವರ್, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಉಣಿಸುವುದು, ಒರೆಸುವುದು, ಮಗ್ಗುಲು ತಿರುಗಿಸುವುದು ಎಲ್ಲಾ ಚಾಮುಂಡಮ್ಮನದೇ. ಅವರಿಗೆ ಸಿಗುವ ಬಿಡುವು ವಾರಕ್ಕೆ ಒಂದೇ ಸಲ, ಗುರುವಾರ ಏಳರಿಂದ ಒಂಬತ್ತು.

ಪುಕ್ಕಟೆಯಾಗಿ ಬಂದು ನಿಮ್ಮ ಮನೆಯ ರೋಗಿಯನ್ನು ನೋಡಿಕೊಳ್ಳುತ್ತೇನೆ ಎಂದರೆ ಯಾವ ಊರು ತಾನೇ ಸುಮ್ಮನಿರುತ್ತದೆ? ಹಗ್ಗ ಹಾವಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಸಂಘದ ಸಾಲ ಅಂಟಿಸುವವಳು ಎಂದರು. ಎಲೆಕ್ಷನ್ನಿಗೆ ನಿಲ್ಲುತ್ತಾಳೆ ಎಂದರು. ದೇವರು ಬದಲಾಯಿಸುವುದಕ್ಕೆ ಬಂದಿದ್ದಾಳೆ ಎಂದರು. ನಿಂಗಯ್ಯನವರ ಮನೆಯ ಅನುಮಾನ ಮಾತ್ರ ಎಲ್ಲಕ್ಕಿಂತ ಗಟ್ಟಿ. ಎರಡೂಕಾಲು ಎಕರೆ ಇನ್ನೂ ಭಾಗವಾಗಿಲ್ಲ, ಎಲ್ಲವೂ ಮುದುಕರ ಹೆಸರಿನಲ್ಲೇ ಇದೆ. ಅದೇ ಬೀದಿಯಲ್ಲಿ ಬೇರೆ ಒಲೆ ಹೂಡಿ ಗೂಡ್ಸ್ ಆಟೋ ಓಡಿಸುವ ಮಹೇಂದ್ರ, ಮರಮ್ಮ ಬಂದುಹೋದ ದಿನ ತಪ್ಪದೆ ಬಂದು ಅಪ್ಪನ ಎಡಗೈ ಹೆಬ್ಬೆಟ್ಟು ನೋಡುತ್ತಿದ್ದ. ಅಪ್ಪ ಉಂಡರೇ ಎಂದು ಕೇಳುತ್ತಿರಲಿಲ್ಲ. ಹೆಬ್ಬೆಟ್ಟು ನೋಡಿ ಹೋಗುತ್ತಿದ್ದ.

ಅನುಮಾನದಲ್ಲಿ ಮರಮ್ಮನೂ ಕಡಿಮೆಯವರಲ್ಲ. ಇದನ್ನೆಲ್ಲ ಬರೆದರೆ ನಿಮಗೇನು ಲಾಭ ಎಂದು ತಮ್ಮ ಬಗ್ಗೆ ಬರೆಯಲು ಬಂದ ಪತ್ರಿಕೆಯವರನ್ನೇ ಎರಡು ಸಲ ಕೇಳುತ್ತಾರೆ. ಫೋಟೋ ಬೇಡ ಎನ್ನುತ್ತಾರೆ. ತಮ್ಮ ಮೇಲಂತೂ ಅವರಿಗೆ ಸ್ವಲ್ಪವೂ ನಂಬಿಕೆಯಿಲ್ಲ, ಅದಕ್ಕೆ ಕಾರಣವಿದೆ. ಅವರ ಗಂಡ ಲಕ್ವ ಹೊಡೆದು ಹನ್ನೊಂದು ವರ್ಷ ಮಲಗಿದ್ದರು. ಹಗಲು ಸೊಪ್ಪಿನ ಕೂಲಿ, ಇರುಳು ಗಂಡನ ಚಾಕರಿ. ಅಷ್ಟು ವರ್ಷದಲ್ಲಿ ಒಂದು ಮದುವೆಗೆ ಹೋಗಲಿಲ್ಲ, ತಂಗಿಯ ಬಾಣಂತನಕ್ಕೂ ಹೋಗಲಿಲ್ಲ.

"ಒಂದಿನ ಗಂಜಿ ಉಗುದ್ಬುಟ್ರು. ಎರಡು ದಿನದಿಂದ ಕಣ್ಣು ಮುಚ್ಚಿರ್ಲಿಲ್ಲ ನಾನು. ಕೆನ್ನೆಗೆ ಒಡೆದ್ಬುಟ್ಟೆ ಕಣ್ರೀ. ಅರ್ಧ ಮುಖ ಅಳ್ತಿತ್ತು. ಇನ್ನರ್ಧಕ್ಕೆ ಅಳಾಕೂ ಬತ್ತಿರ್ಲಿಲ್ಲ," ಎನ್ನುತ್ತಾರೆ ಮರಮ್ಮ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ. ಆ ಕೈಯನ್ನು ಅವರು ಇವತ್ತಿಗೂ ಕ್ಷಮಿಸಿಲ್ಲ.

ಈ ಸೀಮೆಯಲ್ಲಿ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಕಟ್ಟಿ ಹದ ಮಾಡುತ್ತಾರೆ. ಗೋಡೆಯೆಲ್ಲ ಮುಚ್ಚಿದ ಎತ್ತರದ ಮನೆ ಅದು. ಐದಾರು ದಿನ ಒಳಗಿನ ಬಿಸಿ ಏರುಪೇರಾಗಬಾರದು, ಬೆಂಕಿ ಆರಬಾರದು. ಒಬ್ಬನಿಂದ ಆಗದ ಕೆಲಸವೆಂದು ಅಕ್ಕಪಕ್ಕದವರು ಪಾಳಿ ಹಾಕಿಕೊಂಡು ಕಾಯುತ್ತಾರೆ. ಗಂಡನ ತಿಥಿ ಮುಗಿದ ಮೇಲೆ ಮರಮ್ಮನ ತಲೆಗೆ ಹೊಳೆದದ್ದು ಇಷ್ಟೇ: "ಸೊಪ್ಪು ಕಾಯಾಕೆ ಪಾಳಿ ಐತೆ. ಮನ್ಸನ್ನ ಕಾಯಾಕೆ ಯಾಕಿಲ್ಲ?"

ತಮ್ಮಂತೆಯೇ ಮನೆಯವರನ್ನು ನೋಡಿಕೊಂಡು ಈಗ ಒಂಟಿಯಾಗಿರುವ ಐವರು ಹೆಂಗಸರನ್ನು ಅವರು ಹುಡುಕಿದರು. ಈ ಆರು ಮಂದಿ ಸುತ್ತಲಿನ ಮೂರು ಹಳ್ಳಿಗಳ ಹನ್ನೊಂದು ಮನೆಗಳಲ್ಲಿ ಪಾಳಿ ಕೂರುತ್ತಾರೆ. ಆರು ಮನೆಗೆ ಗುರುವಾರ, ಐದು ಮನೆಗೆ ಭಾನುವಾರ. ಹೀಗೆ ಬಿಡುವಾಗಿ ಆಚೆ ಬಂದ ಆ ಮನೆಗಳ ಹೆಂಗಸರು ಸೇರುವುದಕ್ಕೆ ಒಂದು ಜಾಗ ಬೇಕಾಯಿತು. ಬಿಸಿ ಹಾಯಿಸುವ ಪೈಪು ತುಕ್ಕು ಹಿಡಿದ ಹಳೇ ಬ್ಯಾರನ್ ಒಂದನ್ನು ಅದರ ಯಜಮಾನರು ಬಿಟ್ಟುಕೊಟ್ಟರು. ಮೊದಲ ದಿನ ಮರಮ್ಮ ಚೌಕಾಬಾರ ಬರೆದು ಕವಡೆ ಇಟ್ಟಿದ್ದರು, ಸೋಬಾನೆ ಹೇಳುವವರನ್ನೂ ಕರೆಸಿದ್ದರು. ಒಂದು ಆಟ ಮುಗಿಯುವುದರೊಳಗೆ ಎಲ್ಲರೂ ಗೋಡೆಗೊರಗಿ ನಿದ್ದೆ ಹೋದರು. ಮರುವಾರ ಮರಮ್ಮ ಕವಡೆಯ ಜೊತೆಗೆ ಚಾಪೆಯನ್ನೂ ತಂದರು. ಈಗ ಮೊದಲು ನಿದ್ದೆ, ಎದ್ದ ಮೇಲೆ ಒಬ್ಬರಿಗೊಬ್ಬರು ತಲೆ ಬಾಚುವುದು, ಆಟ, ಹಾಡು, ನಗು.

ಆ ನಗುವೇ ತೊಂದರೆ. ಮನೆಯಲ್ಲಿ ರೋಗಿಯನ್ನಿಟ್ಟುಕೊಂಡು ಹಲ್ಲು ಬಿಟ್ಟರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಅದಕ್ಕೇ ಬಾಗಿಲು ಹಾಕಿಕೊಳ್ಳಿ ಎಂದಿದ್ದರು ಮರಮ್ಮ. ಕಿಟಕಿಯಿಲ್ಲದ ಬ್ಯಾರನ್, ಮುಚ್ಚಿದ ಬಾಗಿಲು, ಒಳಗೆ ಆರು ಹೆಂಗಸರು. ಊರಿಗೆ ಇನ್ನೇನು ಬೇಕು.

ಎರಡು ತಿಂಗಳ ಕೆಳಗೆ, ಸೊಪ್ಪು ಮುರಿಯುವ ಸುಗ್ಗಿ ಜೋರಾಗಿದ್ದ ಒಂದು ಗುರುವಾರ, ಮರಮ್ಮ ಬೆಳಕು ಹರಿಯುತ್ತಲೇ ಹೊಲಕ್ಕಿಳಿದು ನಾಲ್ಕು ಸಾಲು ಮುರಿದು, ಹೊತ್ತಾಯಿತೆಂದು ಕೈಗೆ ನೀರು ಸೋಕಿಸಿದ ಶಾಸ್ತ್ರ ಮಾಡಿ ಓಡಿಬಂದರು. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿದರೆ ಕಪ್ಪಗೆ ಕೂರುತ್ತದೆ, ಹುಣಸೆಹಣ್ಣು ಹಾಕಿ ಉಜ್ಜಿದರೂ ಬೇಗ ಬಿಡುವುದಿಲ್ಲ. ನಿಂಗಯ್ಯನವರಿಗೆ ಗಂಜಿ ಕುಡಿಸುವಾಗ ಅವರ ಎಡಗೈ ಹಿಡಿದುಕೊಂಡಿದ್ದರು. ಆಟೋದ ಕೀಲಿ ಹುಡುಕಿಕೊಂಡು ಬಂದ ಮಹೇಂದ್ರನ ಕಣ್ಣಿಗೆ ಬಿದ್ದದ್ದು ಅಪ್ಪನ ಕಪ್ಪು ಹೆಬ್ಬೆಟ್ಟು.

ಕಾಗದ ಎಲ್ಲಿ ಎಂದು ಕೇಳಿದ. ಮರಮ್ಮ ಯಾವ ಕಾಗದ ಎಂದರು. ಅತ್ತಿಗೆಯ ಕೈಗೆ ಆಗಲೇ ದಾಟಿಸಿರಬೇಕೆಂದು ಬ್ಯಾರನ್ನಿಗೆ ಓಡಿ ಬಾಗಿಲಿಗೆ ಒದ್ದ. ಒಳಗೆ ಆರು ಹೆಂಗಸರು ಚಾಪೆಯ ಮೇಲೆ ಬಿದ್ದುಕೊಂಡಿದ್ದರು. ಅತ್ತಿಗೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಬೆಚ್ಚಿ ಎದ್ದ ಚಾಮುಂಡಮ್ಮ ವಿಷಯ ಕೇಳಿ ತಮ್ಮ ಅಂಗೈ ಬಿಡಿಸಿ ತೋರಿಸಿದರು. ಅದೂ ಕಪ್ಪೇ. ಉಳಿದ ಐವರೂ ತೋರಿಸಿದರು. ಹುಟ್ಟಿದಾಗಿನಿಂದ ಅವ್ವನ ಕೈಯಲ್ಲಿ ನೋಡಿದ್ದ ಕಪ್ಪನ್ನು ಅವನು ಅಂದು ಶಾಯಿ ಎಂದುಕೊಂಡಿದ್ದ.

ತಪ್ಪಾಯಿತು ಎನ್ನಲಿಲ್ಲ. ಊರಂತೂ ಹೊಸ ಮಾತು ಹಿಡಿಯಿತು: ಮಾವನನ್ನು ಬಿಟ್ಟು ಬ್ಯಾರನ್ನಿನಲ್ಲಿ ಗೊರಕೆ ಹೊಡೆಯುತ್ತಾಳೆ. ಚಾಮುಂಡಮ್ಮ ಬರುವುದನ್ನೇ ನಿಲ್ಲಿಸಿದರು. ಮರಮ್ಮ ಮಾತ್ರ ಮೂರು ಗುರುವಾರ ಏಳಕ್ಕೆ ಸರಿಯಾಗಿ ಬಂದು, ಮುಚ್ಚಿದ ಬಾಗಿಲ ಮುಂದೆ ಜಗಲಿಯಲ್ಲಿ ಕೂತು ಒಂಬತ್ತಕ್ಕೆ ಎದ್ದು ಹೋದರು. "ನಂಗೆ ದಿಗಿಲಾಗಿತ್ತು. ಇವ್ಳ ಕೈನೂ ಒಂದಿನ ಎದ್ದ್ರೆ?" ಎನ್ನುತ್ತಾರೆ.

ನಾಲ್ಕನೆಯ ಗುರುವಾರ ಚಾಮುಂಡಮ್ಮನೇ ಬಾಗಿಲು ತೆಗೆದರು. ಹಿಂದಿನ ದಿನ ಮಾವನ ತಟ್ಟೆಯನ್ನು ಗೋಡೆಗೆ ಎಸೆದಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ, ಮರಮ್ಮನಿಗೆ ಹೇಳಿದರು. ಮಹೇಂದ್ರ ಅಡ್ಡ ಬರಲಿಲ್ಲ, ಷರತ್ತು ಹಾಕಿದ: ಕೈ ನೋಡಿಯೇ ಒಳಗೆ ಬಿಡುವುದು, ಅವರಿರುವಷ್ಟು ಹೊತ್ತು ತಾನೂ ಕೋಣೆಯಲ್ಲೇ ಕೂರುವುದು.

ಐದು ವಾರದಿಂದ ಹಾಗೇ ನಡೆದಿದೆ. ಮೊದಲ ವಾರ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕಣ್ಣು ಮಿಟುಕಿಸದೆ ಕೂತಿದ್ದ. ನಿಂಗಯ್ಯನವರನ್ನು ಮಗ್ಗುಲು ಮಾಡುವಾಗ "ಆ ಕಡೆ ಇಡ್ಕೊ ಮಗಾ, ನನ್ನೊಬ್ಬಳ ಕೈಲಿ ಆಗಾಕಿಲ್ಲ" ಎಂದರು ಮರಮ್ಮ. ಗಂಡನಿಗೆ ಅಷ್ಟು ವರ್ಷ ಒಬ್ಬರೇ ಮಾಡಿದ ಕೆಲಸ ಅದು, ಆದರೂ ಆಗುವುದಿಲ್ಲ ಎಂದರು. ಅವನು ಹಿಡಿದುಕೊಂಡ. ಎರಡನೆಯ ವಾರ ಬೆನ್ನು ಒರೆಸಿದ, ಮೂರನೆಯ ವಾರ ಗಂಜಿಯ ಲೋಟ ಅವನ ಕೈಗೆ ಬಂತು. ಇವತ್ತು ಸ್ಟೂಲು ಮಂಚದ ಪಕ್ಕದಲ್ಲಿದೆ. ಮರಮ್ಮ ಗೋಡೆಗೊರಗಿ, ತೋರಿಸಿ ಬಂದ ಆ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಮಹೇಂದ್ರ ಅಪ್ಪನ ಬಾಯಿ ಒರೆಸುತ್ತಾನೆ, ಓರೆಗಣ್ಣಿನಲ್ಲಿ ಮರಮ್ಮನನ್ನು ಕಾಯುತ್ತಲೇ ಇದ್ದಾನೆ.

ಒಂಬತ್ತಕ್ಕೆ ಚಾಮುಂಡಮ್ಮ ಬರುತ್ತಾರೆ. ತಲೆ ಬಾಚಿದೆ, ಕಣ್ಣು ನಿದ್ದೆ ಕಂಡಿದೆ. ಅಂಗಳ ದಾಟುತ್ತಿರುವ ಮರಮ್ಮನನ್ನು, ಇಷ್ಟಾದರೂ ಆತ ನಿಮ್ಮನ್ನು ನಂಬುವುದಿಲ್ಲವಲ್ಲ, ಬೇಸರವಿಲ್ಲವೇ ಎಂದು ಪತ್ರಿಕೆಯವರು ಕೇಳಿದರು. ಮರಮ್ಮ ಹಿಂದೆ ತಿರುಗಿ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ನಂಬೋದು ಬ್ಯಾಡ ಬುಡಿ. ಅವ್ನು ನಂಬುದ್ರೆ ಆಟೋ ಅತ್ಕೊಂಡು ಓಯ್ತಾನೆ. ಅನುಮಾನ ಇರೋಗಂಟ ಅವ್ರಪ್ಪನ ಪಕ್ಕ ಕೂತಿರ್ತಾನೆ."