ತಲೆಗೆ ಎರಡೇ ಕಟ್ಲೆಟ್!

ಕಳೆದ ವರ್ಷ ಮಗಳ ಮದುವೆ ರಿಸೆಪ್ಶನ್‌ನಲ್ಲಿ ಮುನ್ನೂರು ಜನರ ದೊಂಬಿ ಎಬ್ಬಿಸಿದವನು ನಾನು. ಹೇಗೆ ಅಂತೀರಾ? ಎಲ್ಲರನ್ನೂ ಸಮಾನವಾಗಿ ಕಂಡು!

ಈ ಅಂಕಣ ಓದುವವರಿಗೆ ಗೊತ್ತು, ಸಮಾನತೆ ನನ್ನ ವೀಕ್‌ನೆಸ್. ಊಟದ ಉಸ್ತುವಾರಿ ನನ್ನದಾದ್ದರಿಂದ ಎಲ್ಲ ಟೇಬಲ್‌ಗೂ ಒಂದೇ ಹೊತ್ತಿಗೆ ತಲೆಗೆ ಎರಡೇ ಕಟ್ಲೆಟ್ ಹಂಚಿಸಿದೆ. ದುಬೈಯ ಭಾವನಿಗೂ ಎರಡು, ಬ್ಯಾಂಡಿನವನಿಗೂ ಎರಡು. ಆಮೇಲೆ ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಭಾಷಣ. (ಮುಕ್ಕಾಲು ಗಂಟೆ ಹೋಯಿತು. ಭಾಷಣ ಮಾಡಿದವನೂ ನಾನೇ.) ಬಫೆ ಪಾತ್ರೆಯ ಮುಚ್ಚಳ ಟಣ್ ಎಂದದ್ದೇ ತಡ, ಇಡೀ ಹಾಲ್ ಎದ್ದು ನುಗ್ಗಿತು. ಮದುಮಕ್ಕಳಿಗೆ ಕೊನೆಗೆ ಸಿಕ್ಕಿದ್ದು ಬಿಳಿ ಅನ್ನ ಮತ್ತು ಸೌತೆಕಾಯಿ.

ನನ್ನ ಹೆಂಡತಿ ಹಿಲ್ಡಾ ಇದನ್ನು ಮರೆತಿಲ್ಲ. ನನಗೂ ಮರೆಯಲು ಬಿಟ್ಟಿಲ್ಲ.

ಈಗ ಅವಳ ಅಣ್ಣನ ಮಗನ ರಿಸೆಪ್ಶನ್. ಉಸ್ತುವಾರಿ ಮತ್ತೆ ನನಗೇ! "ಈ ಸಲವೂ ಹಾಗಾದ್ರೆ ತವರಿನವರಿಗೆ ನಾನು ಮುಖ ತೋರಿಸುವುದು ಹೇಗೆ?" ಎಂದಳು ಹಿಲ್ಡಾ. (ಅವಳು ಬೈದದ್ದು ಕೊಂಕಣಿಯಲ್ಲಿ. ಕನ್ನಡಕ್ಕೆ ತರುವಾಗ ಖಾರ ಕಡಿಮೆ ಮಾಡಿದ್ದೇನೆ.) ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅದೇ ವಾರ ಕಾರಿನಲ್ಲಿ ಹೋಗುವಾಗ ಕೂಳೂರು ಸೇತುವೆಯ ಟ್ರಾಫಿಕ್ ಬ್ಲಾಕ್‌ನಲ್ಲಿ ಸಿಕ್ಕಿಬಿದ್ದೆ. ಪಕ್ಕದ ಸೀಟಿನಲ್ಲಿ ಮದುಮಗನ ಅಕ್ಕ ರೆನಿಟಾ. ಅವಳ ಪಿಎಚ್‌ಡಿ ಡೀಸೆಲ್ ಎಂಜಿನ್ ಒಳಗಿನ ಬೆಂಕಿಯ ಮೇಲೆ. ಎದುರಿನ ಲಾರಿ ನಮ್ಮ ಮುಖಕ್ಕೆ ಕಪ್ಪು ಹೊಗೆ ಬಿಡುತ್ತಿತ್ತು.

"ಎಂತ ಮಾರಾಯ್ತಿ, ಇದಕ್ಕೆ ಮದ್ದು ಇಲ್ವಾ?"

"ಉಂಟು ಅಂಕಲ್. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಚ್ಚುವವರು ಯಾರೂ ಇಲ್ಲ. ಗಾಳಿಯನ್ನು ಒತ್ತಿದ್ರೆ ಬಿಸಿಯಾಗ್ತದೆ, ಇಂಧನ ತನ್ನಷ್ಟಕ್ಕೇ ಹೊತ್ತಿಕೊಳ್ತದೆ. ಆದ್ರೆ ಒಂದೇ ಕಡೆ ಇಂಧನ ತುಂಬಾ ಹೆಚ್ಚಾದ್ರೆ ಸರಿ ಉರಿಯುವುದಿಲ್ಲ, ಮಸಿ ಆಗ್ತದೆ."

"ಮೊದಲೇ ಗಾಳಿ ಜೊತೆ ಸಮ ಮಾಡಿ ಕಲಸಿದ್ರಾಯ್ತು!" ಎಂದೆ. ಸಮ ಎಂದರೆ ನನಗೆ ಹುರುಪು.

"ಹೊಗೆ ಕಡಿಮೆ ಆಗ್ತದೆ, ಸರಿ. ಆದ್ರೆ ಎಲ್ಲ ಕಡೆ ಒಂದೇ ಹದ ಅಲ್ವಾ? ಎಲ್ಲ ಒಟ್ಟಿಗೇ ಹೊತ್ತಿಕೊಳ್ತದೆ. ಢಬ್! ಎಂಜಿನ್ ಬಡ್ಕೊಳ್ತದೆ."

"ಮತ್ತೆ ಎಂತ ಮಾಡುವುದು?"

"ಬೇಕಂತಲೇ ಹೆಚ್ಚುಕಮ್ಮಿ ಮಾಡುವುದು. ಒಂದು ಕಡೆ ಇಂಧನ ಸ್ವಲ್ಪ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಜಾಸ್ತಿ ಇದ್ದಲ್ಲಿ ಮೊದಲು ಹೊತ್ತಿಕೊಳ್ತದೆ, ಕಡಿಮೆ ಇದ್ದಲ್ಲಿ ಆಮೇಲೆ. ಬೆಂಕಿ ಕ್ಯೂ ನಿಲ್ತದೆ ಅಂಕಲ್!"

ಕ್ಯೂ! ಸೇತುವೆಯ ಮೇಲೆಯೇ ಸ್ಟಿಯರಿಂಗ್ ಗುದ್ದಿದೆ. ಹಸಿವು ಎಂದರೆ ಇಂಧನ. ನನ್ನ ಭಾಷಣವೇ ಒತ್ತಡ. ತಲೆಗೆ ಎರಡೆರಡು ಕಟ್ಲೆಟ್ ಕೊಟ್ಟು ಮುನ್ನೂರು ಜನರ ಹಸಿವನ್ನು ಒಂದೇ ಹದಕ್ಕೆ ತಂದಿಟ್ಟವನು ನಾನೇ ಅಲ್ಲವೇ?

ರಿಸೆಪ್ಶನ್ ದಿನ ಮುಂದಿನ ಸಾಲಿನ ಟೇಬಲ್‌ಗಳಿಗೆ ಬರೀ ಜ್ಯೂಸ್. ನಡುವಿನವರಿಗೆ ಎರಡು ಕಟ್ಲೆಟ್. ಹಿಂದಿನವರಿಗೆ ಬೇಡ ಬೇಡ ಎನ್ನುವಷ್ಟು. ಭಾಷಣಕ್ಕೆ ಹಿಲ್ಡಾ ಮಂಜೂರು ಮಾಡಿದ್ದು ನಾಲ್ಕೇ ನಿಮಿಷ. "ನಮಗೆ ಕಟ್ಲೆಟ್ ಇಲ್ವಾ?" ಎಂದು ದೇರೆಬೈಲಿನ ಅಜ್ಜರೊಬ್ಬರು ಮುಂದಿನ ಸಾಲಿನಿಂದ ಗುಡುಗಿದರು. "ನಿಮಗೆ ಊಟವೇ ಮೊದಲು" ಎಂದೆ. ತಣ್ಣಗಾದರು.

ಮುಚ್ಚಳ ಟಣ್ ಎಂದಿತು.

ಮುಂದಿನ ಸಾಲು ಎದ್ದಿತು. ನಡುವಿನವರು ಇನ್ನೂ ಜಗಿಯುತ್ತಿದ್ದರು. ಹಿಂದಿನವರು ಬ್ಯಾಂಡಿಗೆ ಕುಣಿಯುತ್ತಿದ್ದರು! ಒಂದು ನೂಕಿಲ್ಲ, ಒಂದು ಬೈಗುಳವಿಲ್ಲ. ಮದುಮಕ್ಕಳು ಬಿಸಿ ಬಿಸಿ ಊಟ ಮಾಡಿದರು. ಹಿಲ್ಡಾ ಎಲ್ಲರೆದುರು ನನ್ನ ಕೈ ಹಿಡಿದಳು. (ಮೂವತ್ತು ವರ್ಷಗಳಲ್ಲಿ ಮೊದಲ ಸಲ, ಗಮನಿಸಿ.) ನನಗೋ ಸ್ವರ್ಗಕ್ಕೆ ಮೂರೇ ಗೇಣು.

ಆ ಖುಷಿಯಲ್ಲಿ ಹಿಂದಿನ ಟೇಬಲ್‌ನಲ್ಲಿ ಕೂತು ಆರು ಕಟ್ಲೆಟ್ ಮುಗಿಸಿದೆ. ನನ್ನ ಸರದಿ ಬಂದಾಗ ಪೋರ್ಕ್ ಬಫಾತ್ ಸಾರಿನ ಪಾತ್ರೆಯ ತಳ ಫಳಫಳ ಹೊಳೆಯುತ್ತಿತ್ತು.

"ಪರ್ಫೆಕ್ಟ್ ಅಂಕಲ್!" ರೆನಿಟಾ ಪಾತ್ರೆಯೊಳಗೆ ಇಣುಕಿ ಚಪ್ಪಾಳೆ ತಟ್ಟಿದಳು. "ಎಲ್ಲ ಉರಿದಾಗಿದೆ, ಏನೂ ವೇಸ್ಟ್ ಇಲ್ಲ!"

ಅದೆಲ್ಲ ಸರಿ ಮಗಳೇ, ಹಿಂದಿನ ಟೇಬಲಿನವನಿಗೂ ಒಂದು ತುಂಡು ಉಳಿಸುವ ಎಂಜಿನ್ ಯಾವಾಗ ಬರ್ತದೆ?