ಏಟು ಅಳೆಯುವ ಅಕ್ಷತಾ

ಅಕ್ಷತಾಳನ್ನು ಹೊಂಬಾಳಮ್ಮ ಮೊದಲು ನೋಡಿದ್ದು ಒಂದು ಮಂಗಳವಾರ, ತುಮಕೂರಿನ ಕಾಲೇಜು ಮೈದಾನದಲ್ಲಿ. ಫುಟ್‌ಬಾಲ್ ಆಡುವವರಿಗೆ ನೀರು ತುಂಬಿಡುವುದು ಹೊಂಬಾಳಮ್ಮನ ಕೆಲಸ. ಕುಣಿಗಲ್ ಬಸ್ಸಿಳಿದು ಬಂದ ಆ ಹುಡುಗಿ ಒಬ್ಬೊಬ್ಬರ ಕಿವಿಯ ಹಿಂದೆಯೂ ಹುಣಸೆಬೀಜದಷ್ಟು ದಪ್ಪದ ಏನನ್ನೋ ಅಂಟಿಸುತ್ತಿದ್ದಳು.

"ದೃಷ್ಟಿಬೊಟ್ಟೇನವ್ವಾ?"

"ಅಲ್ಲಜ್ಜಿ. ತಲೆಗೆ ಬೀಳೋ ಏಟು ಅಳೆಯೋ ಮಿಷನ್ನು. ಜೋರಾಗಿ ಬಿದ್ರೆ ನನ್ನ ಫೋನಿಗೆ ಹೇಳ್ತದೆ."

"ನೋವಾದ್ರೆ ಅವ್ರೇ ಹೇಳಲ್ವಾ?"

"ಆಟದಿಂದ ಆಚೆ ಕಳಿಸ್ತಾರೆ ಅಂತ ಸುಳ್ಳು ಹೇಳ್ತಾರೆ. ನಾನೂ ಕಬಡ್ಡಿಲಿ ಏಟು ಬಿದ್ದಾಗ ಹಂಗೇ ಸುಳ್ಳು ಹೇಳಿದ್ದೆ. ಆಮೇಲೆ ಎರಡು ತಿಂಗಳು ಬಿಸಿಲು ನೋಡಕ್ಕಾಗ್ಲಿಲ್ಲ."

ಹುಲಿಯೂರುದುರ್ಗದ ಹುಡುಗಿ, ಬಲು ಚುರುಕು. ಊಟಕ್ಕೆ ಕೂತರೂ ಕಣ್ಣು ಫೋನಿನ ಮೇಲೆಯೇ. ಹೊಂಬಾಳಮ್ಮ ಒಮ್ಮೆ ಬೇಕೆಂದೇ ಉಪ್ಪಿನಕಾಯಿ ಎಂದು ಬೆಲ್ಲ ಕೊಟ್ಟಳು. ಮುದ್ದೆ ಸಾರಿನ ಜೊತೆ ಅದನ್ನೂ ನೆಂಚಿಕೊಂಡು ತಿಂದು, "ಚೆನ್ನಾಗಿದೆ ಅಜ್ಜಿ" ಎಂದಳು!

ಗುಬ್ಬಿಯವರ ಮೇಲೆ ಮ್ಯಾಚಿದ್ದ ದಿನ ಕ್ಯಾಪ್ಟನ್ ಚನ್ನೇಶ್ ಚೆಂಡಿಗೆ ತಲೆ ಕೊಡಲು ಹಾರಿದ. ಎದುರಿನವನ ತಲೆಗೆ ಡಿಕ್ಕಿ ಹೊಡೆದು ಬಿದ್ದ. ಫೋನು ಮಾತ್ರ ಸುಮ್ಮನಿತ್ತು. ಅಕ್ಷತಾ ಓಡಿದಳು. ಎಷ್ಟು ಗೋಲಾಯಿತು, ಯಾರ ಮೇಲೆ ಆಟ ಎಂದು ಕೇಳಿದ್ದಕ್ಕೆಲ್ಲ ಅವನು ಪಟಪಟನೆ ಉತ್ತರಿಸಿದ. ನೀರು ಕುಡಿದು ಮತ್ತೆ ಇಳಿಯುತ್ತೇನೆಂದು ಹೊಂಬಾಳಮ್ಮನ ಹತ್ತಿರ ಬಂದ. ಬಂದವನು ಚೊಂಬಿಗೆ ತುಟಿಯಿಟ್ಟು ಕಚ್ಚಿ ಕುಡಿದ.

"ಥೂ, ಎಲ್ರ ಚೊಂಬು ಎಂಜಲು ಮಾಡ್ದಲ್ಲೋ! ದಿನಾ ಎತ್ತಿ ಕುಡಿಯೋನಿಗೆ ಇವತ್ತೇನ್ಲಾ ಬಂತು? ಎತ್ತಿ ಕುಡಿ!"

ಅವನು ಗದ್ದ ಮೇಲೆತ್ತಿದ. ನೀರೆಲ್ಲ ಎದೆಯ ಮೇಲೆ ಸುರಿಯಿತು. ತಲೆ ತಿರುಗಿ, ಆಸರೆಗೆ ಕೈ ಪಕ್ಕದ ಗೋಲಿನ ಕಂಬ ಹುಡುಕಿತು.

"ಮೇಡಂಗೆ ಹೇಳ್ಬೇಡ ಕಣಜ್ಜಿ, ಇನ್ನು ಹತ್ತೇ ನಿಮಿಷ."

ಹೊಂಬಾಳಮ್ಮ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂಗಿದಳು: "ಅಕ್ಷತಾ, ಬಾರವ್ವಾ! ಇವ್ನಿಗೆ ತಲೆ ಎತ್ತಕ್ಕಾಯ್ತಿಲ್ಲ!"

ಅಕ್ಷತಾ ಬಂದು ಕಿವಿಯ ಹಿಂದೆ ತಡವಿದಳು. ಬೊಟ್ಟಿನಂಥ ಆ ಮಿಷನ್ನು ಬೆವರಿಗೆ ಕಿತ್ತುಬಂದು ಕಾಲರಿಗೆ ಅಂಟಿಕೊಂಡಿತ್ತು.

"ಬುಡಿ ಮೇಡಂ, ಸೋತೋಗ್ತೀವಿ."

"ಸೋತ್ರೆ ಸೋತ್ರಿ, ಬಿಡೋ. ಇದರ ಮೇಲೆ ಇನ್ನೊಂದು ಏಟು ಬಿದ್ರೆ ನೀನು ಏಳಲ್ಲ. ಕೂತ್ಕೋ."

ಸೋತರು. ಚನ್ನೇಶ್ ಮೂರು ವಾರ ಮನೆಯಲ್ಲಿದ್ದ, ಪೂರ್ತಿ ಗುಣವಾದ. ಅಕ್ಷತಾ ತನ್ನ ಪುಸ್ತಕದಲ್ಲಿ ಮಿಷನ್ನಿನ ಅಂಕಿ ಬರೆಯುವ ಜಾಗದಲ್ಲಿ 'ಕಚ್ಚಿ ಕುಡಿದ' ಎಂದು ಬರೆದಳು.

ಜೂನಿನಲ್ಲಿ ಅವಳ ಏಟಳೆಯುವ ಕೆಲಸ ಮುಗಿಯಿತು. ಬ್ಯಾಗು ಹೆಗಲಿಗೇರಿಸಿ ಬಂದವಳು ಹೊಂಬಾಳಮ್ಮನ ಕೈ ಹಿಡಿದು ಕೇಳಿದಳು:

"ಅಜ್ಜಿ, ಇನ್ಮೇಲೆ ಯಾರಾದ್ರೂ ಚೊಂಬು ಎಂಜಲು ಮಾಡಿದ್ರೆ, ಬೈಯೋಕೆ ಮುಂಚೆ ಒಂದ್ಸಲ ಕೂರಿಸ್ತೀಯಾ?"