ನಡೆಯದ ಮೂವತ್ತಾರು ತರಗತಿಗಳು

ನಮ್ಮಕ್ಕ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಅವಳೆದುರು ತರಕಾರಿಯವನೂ ತಕ್ಕಡಿಯನ್ನು ಎರಡೆರಡು ಸಲ ನೋಡುತ್ತಾನೆ. ಚಿಕ್ಕ ಸುಳ್ಳು ಹೇಳಿದರೂ ಕಿವಿ ಕೆಂಪಾಗುವ ಹೆಂಗಸು. ಅಂಥವಳ ಕೈಯಲ್ಲಿ ಮೂವತ್ತಾರು ಸುಳ್ಳು ಬರೆಸಿದರಲ್ಲ, ಅದಕ್ಕೇ ನನಗೆ ಮೈ ಉರಿಯುವುದು.

ಕಳೆದ ವರ್ಷ ಒಂದು ಕಂಪನಿ ಶಿಕ್ಷಣ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು ಅಕ್ಕನ ಶಾಲೆಗೆ ಹದಿನೈದು ಕಂಪ್ಯೂಟರ್ ಬಳಕೆಗೆ ಕೊಟ್ಟಿತು. ಹತ್ತನೇ ತರಗತಿಯವರಿಗೆ ವಾರಕ್ಕೊಂದರಂತೆ ಮೂವತ್ತಾರು ತರಗತಿಗಳಲ್ಲಿ ಕೃತಕ ಬುದ್ಧಿಮತ್ತೆ ಕಲಿಸಬೇಕಿತ್ತು. ಅಕ್ಕ ರಜೆಯಲ್ಲಿ ತರಬೇತಿಗೆ ಹೋಗಿ ನೋಟ್‌ಬುಕ್ ತುಂಬ ಬರೆದುಕೊಂಡು ಬಂದಳು.

"ರೋಗ ಬಂದ ಎಲೆ ಯಾವ್ದು, ಚೆನ್ನಾಗಿರೋದು ಯಾವ್ದು ಅಂತ ಮಕ್ಕಳೇ ಯಂತ್ರಕ್ಕೆ ಕಲಿಸ್ಬಹುದು ಕಣೋ!" ಎಂದು ವಾರವಿಡೀ ನನ್ನ ತಲೆ ತಿಂದಳು. ಮಾರ್ಚ್ ಕಳೆದರೆ ಆ ಮಕ್ಕಳು ಶಾಲೆ ಬಿಟ್ಟು ಹೋಗುತ್ತಾರೆ. ಆಮೇಲೆ ಅವರಿಗೆ ಇದನ್ನು ಯಾರು ಕಲಿಸುತ್ತಾರೆ ಎಂಬುದೊಂದೇ ಅವಳ ಚಿಂತೆ.

ಆದರೆ ಕಂಪ್ಯೂಟರ್ ಇಟ್ಟ ಕೋಣೆಗೆ ವೈರಿಂಗೇ ಆಗಿರಲಿಲ್ಲ. ಅದು ಇಲಾಖೆಯ ಕೆಲಸ ಎಂದಿತು ಕಂಪನಿ. ಕಂಪನಿಯ ಕೆಲಸ ಎಂದಿತು ಇಲಾಖೆ. ಎರಡೂ ಕಡೆಗೆ ಪತ್ರ ಬರೆದು ಬರೆದು ಅಕ್ಕ ಸುಸ್ತಾದಳು. ಇದರ ನಡುವೆ ಪ್ರತಿ ಶುಕ್ರವಾರ ಕಂಪನಿಗೆ ವರದಿ ಹೋಗಬೇಕು. ಮೊದಲ ವಾರ ಅವಳು 'ತರಗತಿ ನಡೆಯಲಿಲ್ಲ, ಕರೆಂಟಿಲ್ಲ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಹೆಡ್‌ಮಾಸ್ಟರು ಅದನ್ನು ಹರಿದು ಹಾಕಿದರು.

"ಏನಮ್ಮಾ ಇದು? ಹೀಗ್ ಬರೆದ್ರೆ ಎಲ್ಲಾ ವಾಪಸ್ ತಗೊಂಡು ಹೋಗ್ತಾರೆ. ನಡೀತು ಅಂತ ಬರೀರಿ. ವೈರಿಂಗ್ ಆದ್ಮೇಲೆ ಶನಿವಾರ ಸ್ಪೆಷಲ್ ಕ್ಲಾಸ್ ತಗೊಂಡ್ರಾಯ್ತು."

ಕಂಪ್ಯೂಟರ್ ಮಕ್ಕಳ ಕೈತಪ್ಪಬಾರದೆಂದು ಅಕ್ಕ ಹಾಗೇ ಬರೆದಳು. ಮೂವತ್ತಾರು ವಾರ ಬರೆದಳು.

ಫೆಬ್ರವರಿಯಲ್ಲಿ ಕಂಪನಿಯ ಹುಡುಗಿಯೊಬ್ಬಳು ಪ್ರಶಸ್ತಿಪತ್ರ ಹಿಡಿದು ಬಂದಳು.

"ಮೂವತ್ತಾರು ಕ್ಲಾಸೂ ಮುಗಿಸಿದ ಮೊದಲ ಸ್ಕೂಲ್ ನಿಮ್ದೇ ಮೇಡಂ! ಮುಗಿಸಿದ ಸ್ಕೂಲಿಂದ ಕಂಪ್ಯೂಟರ್ ಎತ್ತಿ ಇನ್ನೊಂದು ಸ್ಕೂಲಿಗೆ ಕೊಡ್ತೀವಿ. ನಾಳೆ ವ್ಯಾನ್ ಬರುತ್ತೆ."

"ಒಂದು ಕ್ಲಾಸೂ ಆಗಿಲ್ಲಮ್ಮಾ," ಎಂದಳು ಅಕ್ಕ. "ನಾನು ಬರೆದಿದ್ದೆಲ್ಲಾ ಸುಳ್ಳು."

ಹೆಡ್‌ಮಾಸ್ಟರು ಕಿಟಕಿಯ ಕಡೆ ತಿರುಗಿ ನಿಂತರು. ಹುಡುಗಿ ಬಾಗಿಲು ಮುಂದಕ್ಕೆಳೆದಳು.

"ವರದಿ ಮೇಲಕ್ಕೆ ಹೋಗ್ಬಿಟ್ಟಿದೆ ಮೇಡಂ. ಈಗ ಸುಳ್ಳು ಅಂದ್ರೆ ನಿಮ್ಗೆ ನೋಟಿಸು, ನನ್ನ ಕೆಲ್ಸಾನೂ ಹೋಗುತ್ತೆ. ದಯವಿಟ್ಟು ಸುಮ್ನಿರಿ."

ಅಕ್ಕ ಸುಮ್ಮನಿರಲಿಲ್ಲ. ನೇರ ಹತ್ತನೇ ತರಗತಿಗೆ ಹೋಗಿ, ತಾನು ಏನು ಬರೆದೆ, ಅದರಿಂದ ಏನಾಯಿತು ಎಂಬುದನ್ನೆಲ್ಲ ಬಿಡಿಸಿ ಹೇಳಿದಳು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತಳಂತೆ. ಯಾರೂ ಬೈಯಲಿಲ್ಲ. ಮುಂದಿನ ಬೆಂಚಿನ ಹುಡುಗಿ ಗಣಿತದ ಪುಸ್ತಕ ತೆರೆದಳು.

"ಪರವಾಗಿಲ್ಲ ಬಿಡಿ ಟೀಚರ್. ನಮಗೆ ಸಿಗುತ್ತೆ ಅಂತ ನಾವು ಅಂದ್ಕೊಂಡೇ ಇರ್ಲಿಲ್ಲ."